ಸಿಂಬಿಯ ಮೇಲಿನ ಬುಟ್ಟಿ

ಯಲವಿಗಿ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುವಾಗ ನನ್ನ ಕಣ್ಣು ಹೋಗುವುದು ಬುಟ್ಟಿ ಹೊತ್ತ ಹೆಂಗಸರ ಕಡೆಗೆ. ಹಳೆಯ ಸೀರೆಯ ತುಂಡನ್ನು ಹುರಿಮಾಡಿ, ಅಂಗೈಗೆ ಎರಡು ಸುತ್ತು ಸುತ್ತಿ, ತುದಿ ಸಿಕ್ಕಿಸಿದರೆ ಸಿಂಬಿ ಸಿದ್ಧ. "ಯಕ್ಕಾ, ಒಂಚೂರು ಕೈ ಹಚ್ಚು ಬಾ" ಎಂದರೆ ಸಾಕು, ಇನ್ನೊಬ್ಬಾಕೆ ಬಂದು ಬುಟ್ಟಿ ಹೊರಿಸುತ್ತಾಳೆ.

ಸಿಂಬಿ ಸಣ್ಣ ವಸ್ತುವಲ್ಲ. ನೆತ್ತಿ ಗುಂಡಗಿದೆ, ಬುಟ್ಟಿಯ ತಳ ಚಪ್ಪಟೆ. ನಡುವೆ ಸಿಂಬಿ ಇರದಿದ್ದರೆ ಇಡೀ ಭಾರ ಒಂದೇ ಬಿಂದುವಿನಲ್ಲಿ ಒತ್ತುತ್ತದೆ, ಬುಟ್ಟಿ ವಾಲುತ್ತದೆ. ಸಿಂಬಿ ಆ ಒತ್ತಡವನ್ನು ಬಳೆಯಂತೆ ಸುತ್ತಲೂ ಹಂಚುತ್ತದೆ. ಭಾರ ಕುತ್ತಿಗೆಯ ಏಳು ಮಣಿಗಳ ಮೂಲಕ ನೆಟ್ಟಗೆ ಬೆನ್ನೆಲುಬಿಗೆ ಇಳಿಯುತ್ತದೆ. ಅದೇ ಭಾರ ಒಂದು ಕೈಯಲ್ಲಿ ತೂಗಿದರೆ, ಮೈ ವಾಲದಂತೆ ಇನ್ನೊಂದು ಬದಿಯ ಸ್ನಾಯುಗಳು ದಾರಿಯುದ್ದಕ್ಕೂ ಜಗ್ಗಬೇಕು.

1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೀನ್ಯಾದ ಲುವೊ ಮತ್ತು ಕಿಕುಯು ಹೆಂಗಸರ ಉಸಿರನ್ನು ಅಳೆಯಿತು. ಮೈತೂಕದ ಶೇ. 20ರವರೆಗೆ ಹೊತ್ತರೂ ಅವರಿಗೆ ಹೆಚ್ಚಿನ ಆಮ್ಲಜನಕ ಬೇಕಾಗಲಿಲ್ಲ! 50 ಕಿಲೋ ತೂಕದಾಕೆಗೆ 10 ಕಿಲೋ ಬುಟ್ಟಿ ಎಂದಾಯಿತು. ಗುಟ್ಟು ನಡಿಗೆಯಲ್ಲಿತ್ತು. ನಡೆಯುವ ಮೈ ತಲೆಕೆಳಗಾದ ಲೋಲಕ. ಹೆಜ್ಜೆಹೆಜ್ಜೆಗೂ ಏರಿ ಇಳಿಯುವಾಗ ಶಕ್ತಿಯ ಬಹುಪಾಲು ಮರಳಿ ಸಿಗುತ್ತದೆ. ಹೊರೆ ಹೊತ್ತಾಗ ಆ ಹೆಂಗಸರಲ್ಲಿ ಈ ಮರಳಿಕೆ ಇನ್ನೂ ಹೆಚ್ಚುತ್ತಿತ್ತು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಅಳೆದಾಗ ಈ ಲಾಭ ಎಲ್ಲರಲ್ಲೂ ಕಾಣಲಿಲ್ಲ. ಕುತ್ತಿಗೆ ನೋವಂತೂ ಇದ್ದೇ ಇತ್ತು. ಹಾಗಾಗಿ ಇದನ್ನು ಪುಕ್ಕಟೆ ಸವಾರಿ ಎನ್ನಲು ನನಗೆ ಮನಸ್ಸಿಲ್ಲ.

ಈಗ ಹೊರೆಗೆ ಚಕ್ರ ಬಂದಿದೆಯಲ್ಲ ಎನ್ನಬಹುದು. ಚಕ್ರದ ಸೂಟ್‌ಕೇಸಿಗೆ ಅಮೆರಿಕದ ಬರ್ನಾರ್ಡ್ ಸ್ಯಾಡೋ ಪೇಟೆಂಟ್ ಪಡೆದದ್ದು 1972ರಲ್ಲಿ. ನುಣುಪು ನೆಲದ ಮೇಲೆ ಅದಕ್ಕೆ ಸರಿಸಾಟಿಯಿಲ್ಲ. ಮೆಟ್ಟಿಲು ಬಂದಲ್ಲಿ ಚಕ್ರ ಸೋಲುತ್ತದೆ, ಸಿಂಬಿ ಹತ್ತುತ್ತದೆ.

ಹುಬ್ಬಳ್ಳಿಯಲ್ಲಿ ಈಗ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಈ ತುದಿಯಿಂದ ಆ ತುದಿಗೆ ಬೀಸುಗಾಲು ಹಾಕಿದರೂ ಹದಿನೆಂಟು ನಿಮಿಷ. ನಡುವೆ ದಣಿದರೆ ಬುಟ್ಟಿ ಇಳಿಸಲು ಇನ್ನೊಬ್ಬರು ಬೇಕು. ಹೊರುವುದಕ್ಕಿಂತ ಎತ್ತುವುದು, ಇಳಿಸುವುದೇ ಬೆನ್ನಿಗೆ ಕಷ್ಟ. ಹಿಂದಿನವರು ಇದನ್ನು ಬಲ್ಲರು: ಕೇರಳದ ಅತ್ತಾಣಿ, ತಮಿಳುನಾಡಿನ ಸುಮೈತಾಂಗಿ ಎಂಬ ದಾರಿಬದಿಯ ಎತ್ತರದ ಕಲ್ಲುಗಳ ಮೇಲೆ ಒಬ್ಬರೇ ಹೊರೆಯನ್ನು ಸರಿಸಿಟ್ಟು, ಮತ್ತೆ ಬಗ್ಗದೆ ತಲೆಗೆ ಏರಿಸಿಕೊಳ್ಳುತ್ತಿದ್ದರು. ನಮ್ಮ ಸ್ಟೇಶನ್ನು, ಬಸ್ ಸ್ಟ್ಯಾಂಡುಗಳಲ್ಲೂ ಅಂಥದೊಂದು ಕಟ್ಟೆ ಕಟ್ಟಿಸಲಿ. ಅಲ್ಲಿಯವರೆಗೆ, ಬುಟ್ಟಿ ಹೊತ್ತಾಕೆ ನಿಂತು ಅತ್ತಿತ್ತ ನೋಡಿದರೆ ನೀವೇ ಹೋಗಿ ಕೈ ಹಚ್ಚಿ.