ಯಾವುದಾದರೂ ಒಂದನ್ನು ಬರೆಯಿರಿ

ಅಸೈನ್‌ಮೆಂಟ್ ಅಂದಕೂಡಲೇ ಡಿಗ್ರಿ ವಿದ್ಯಾರ್ಥಿಗಳು ಮೊದಲು ಹುಡುಕುವುದು ಸ್ಕೆಚ್ ಪೆನ್ನು. ಬಿಳಿ ಎ4 ಹಾಳೆಯ ಸುತ್ತ ಎರಡು ಗೆರೆಯ ಬಾರ್ಡರ್, ನಡುವೆ ಕಾಲೇಜಿನ ಹೆಸರು, ಕೆಳಗೆ ರಿಜಿಸ್ಟರ್ ನಂಬರು. ಮುಖಪುಟಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಒಳಗಿನ ನಾಲ್ಕು ಪುಟದ ಕಥೆ ಬೇರೆ. ತರಗತಿಯಲ್ಲಿ ಒಬ್ಬಳು ಬರೆದಿರುತ್ತಾಳೆ, ಅವಳ ಹಾಳೆಗಳ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದಿರುತ್ತದೆ, ಮಿಕ್ಕವರು ನೋಡಿ ಇಳಿಸಿಕೊಳ್ಳುತ್ತಾರೆ. ಈಚೆಗೆ ಆ ಒಬ್ಬಳಿಗೂ ಬರೆಯುವ ಕಷ್ಟವಿಲ್ಲ, ಚಾಟ್‌ಜಿಪಿಟಿ ಇದೆ.

ಎಂಬತ್ತು ಜನಕ್ಕೂ ಒಂದೇ ವಿಷಯ ಕೊಟ್ಟ ಮೇಲೆ ಎಂಬತ್ತು ಪ್ರಬಂಧ ಬರಲಿ ಎಂದರೆ ಎಲ್ಲಿಂದ ಬರಬೇಕು?

ತಮಾಷೆಯೆಂದರೆ, ನಮ್ಮ ಪರೀಕ್ಷೆಗಳು ಈ ವಿಚಾರದಲ್ಲಿ ಧಾರಾಳಿ. 'ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ', 'ಕೆಳಗಿನ ವಿಷಯಗಳಲ್ಲಿ ಒಂದನ್ನು ಕುರಿತು ಪ್ರಬಂಧ ಬರೆಯಿರಿ' ಎಂಬ ಸಾಲುಗಳಿಲ್ಲದ ಪ್ರಶ್ನೆಪತ್ರಿಕೆ ಅಪರೂಪ. ಮೂರು ಗಂಟೆ ಕೊಠಡಿಯಲ್ಲಿ ಕೂರಿಸಿದಾಗ ಕೊಡುವ ಆಯ್ಕೆಯನ್ನು, ಮನೆಯಲ್ಲಿ ಹದಿನೈದು ದಿನ ಕೂತು ಬರೆಯುವಾಗ ಕೊಡುವುದಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ರಾಜ್ಯದ ಪದವಿ ಪಠ್ಯಕ್ರಮ ಬದಲಾದಾಗ ನೂರಕ್ಕೆ 40 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಸೇರಿತು. ಹೊಸ ಬಗೆಯ ಮನೆಗೆಲಸ ಕೊಟ್ಟು ನೋಡಲು ಅದು ಒಳ್ಳೆಯ ಸಂದರ್ಭವಾಗಿತ್ತು. 2024-25ಕ್ಕೆ ಮೂರು ವರ್ಷದ ಪದವಿ ಮತ್ತೆ ಬಂತು. ನೀತಿ ಹೋಗಿ ನೀತಿ ಬಂದರೂ ಬಾರ್ಡರ್ ಹಾಕಿದ ಮುಖಪುಟ ಮಾತ್ರ ಕದಲಲಿಲ್ಲ.

ಕೋಲಾರದ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್‌ನ ತರಗತಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ವಿಷಯ: ಪರಿಸರ ಮಾಲಿನ್ಯ. ಹಾಳೆಯ ಮೇಲೆ ದೆಹಲಿಯ ಹೊಗೆ, ಗಂಗೆಯ ಕೊಳೆ, ಓಜೋನ್ ಪದರ ಎಲ್ಲವೂ ಬರುತ್ತವೆ. ಊರಲ್ಲೇ ಸೈನೈಡ್ ದಿಬ್ಬಗಳಿವೆ, ಅವು ಬರುವುದಿಲ್ಲ. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹುಡಿಯ ಗುಡ್ಡಗಳವು, ಒಟ್ಟು 13. ಲೆಕ್ಕಕ್ಕೆ ಸುಮಾರು 3.3 ಕೋಟಿ ಟನ್. ಗಾಳಿಗಾಲದಲ್ಲಿ ಆ ಹುಡಿ ಎದ್ದು ಅಂಗಳ, ಒಣಹಾಕಿದ ಬಟ್ಟೆ, ನೀರಿನ ಕೊಡ ಎನ್ನದೆ ಎಲ್ಲದರ ಮೇಲೂ ಕೂರುತ್ತದೆ. ಆ ಗುಡ್ಡಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯಲು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಬಟ್ಟೆ ಕೊಡವಿ ಒಳಗಿಡುವ ಮನೆಯ ಹುಡುಗಿಗೆ ಮಾಲಿನ್ಯದ ಬಗ್ಗೆ ಬರೆಯಲು ದೆಹಲಿ ಯಾಕೆ ಬೇಕು? ಆದರೂ ಬರೆಯುತ್ತಾಳೆ, ಗೈಡಿನಲ್ಲಿ ಇರುವುದು ದೆಹಲಿ ತಾನೆ.

ಹಾಗಾದರೆ ವಿಷಯವನ್ನು ಅವರಿಗೇ ಬಿಟ್ಟುಬಿಡೋಣ, ಏನು ಬೇಕಾದರೂ ಬರೆಯಲಿ ಅನ್ನೋಣವೇ? ಅದೂ ಕೆಲಸಕ್ಕೆ ಬರುವುದು ಕಷ್ಟ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರ ಪ್ರಯೋಗವಿದೆ. ಸಿನಿಮಾ ನೋಡಿ ಎರಡು ಪುಟದ ಪ್ರಬಂಧ ಬರೆದರೆ ಹೆಚ್ಚುವರಿ ಅಂಕ, ಬರೆಯದಿದ್ದರೂ ನಡೆಯುತ್ತದೆ. ಕೆಲವರಿಗೆ 6 ವಿಷಯಗಳ ಪಟ್ಟಿ ಸಿಕ್ಕಿತು, ಕೆಲವರಿಗೆ 30ರದು. ಆರರ ಪಟ್ಟಿ ಸಿಕ್ಕವರಲ್ಲಿ ಶೇ 74 ಮಂದಿ ಬರೆದುಕೊಟ್ಟರು, ಮೂವತ್ತರವರಲ್ಲಿ ಶೇ 60. ಆರರಲ್ಲಿ ಒಂದನ್ನು ಆರಿಸಿದವರ ಬರಹವೂ ಒಂದು ಕೈ ಮೇಲಿತ್ತು.

ಕೆಜಿಎಫ್ ಪಕ್ಕದ ಬಂಗಾರಪೇಟೆಯ ಪಾನಿಪುರಿ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್ಡಿನ ಮೇಲೆ ಮಸಾಲೆಪುರಿ, ಸೇವ್‌ಪುರಿ ಅಂತ ಎಷ್ಟೇ ಹೆಸರಿರಲಿ, ಹೊರಗಿನಿಂದ ಬಂದವರು ಕೇಳುವುದು ಆ ಒಂದನ್ನೇ: ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು.

ಆದರೆ ಸಂಶೋಧನೆಯ ಮಾತು ಅಲ್ಲಿಗೇ ಮುಗಿಯಲಿಲ್ಲ. ಆಯ್ಕೆ ಹೆಚ್ಚಾದರೆ ಜನ ಕಂಗಾಲಾಗುತ್ತಾರೆಯೇ ಎಂದು ಪರೀಕ್ಷಿಸಿದ ಐವತ್ತು ಪ್ರಯೋಗಗಳನ್ನು 2010ರಲ್ಲಿ ಒಟ್ಟಿಗಿಟ್ಟು ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ನಿಂತಿತು. ಕೆಲವು ಕಡೆ ಆಯ್ಕೆ ಕಾಡಿದೆ, ಕೆಲವು ಕಡೆ ನೆರವಾಗಿದೆ. ತನಗೇನು ಬೇಕೆಂದು ಮೊದಲೇ ಗೊತ್ತಿದ್ದವರಿಗೆ ಉದ್ದದ ಪಟ್ಟಿ ಹೊರೆಯಲ್ಲ. ಹಾಗಾಗಿ ಗಣಿಯೂರಿನ ಮಕ್ಕಳ ಪಟ್ಟಿ ಎಷ್ಟು ಉದ್ದವಿರಬೇಕು ಎನ್ನುವುದಕ್ಕಿಂತ, ಅದರಲ್ಲಿ ಅವರಿಗೆ ಗೊತ್ತಿರುವುದು ಎಷ್ಟಿದೆ ಎನ್ನುವುದೇ ಮುಖ್ಯ.

ಗೊತ್ತಿರುವುದು ಅಲ್ಲಿ ಬೇಕಾದಷ್ಟಿದೆ. ಬಂಗಾರಪೇಟೆ ಎಂಬ ಹೆಸರು ಹುಟ್ಟಿದ್ದು ಬಂಗಾರದಿಂದ ಎಂದೇ ಹಲವರು ನಂಬಿದ್ದಾರೆ. ಅದು ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ. ಒಂದು ಪ್ರಬಂಧಕ್ಕೆ ಇಷ್ಟೇ ಸಾಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಿಂತ ಮೊದಲು ಗಣಿಗೆ ಬಂತು. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಇವುಗಳಲ್ಲಿ ಒಂದಲ್ಲ ಒಂದಕ್ಕೆ ಸಾಕ್ಷಿಯಾದ ಅಜ್ಜ, ಚಿಕ್ಕಪ್ಪ, ಪಕ್ಕದ ಮನೆಯವರು ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಇನ್ನೂ ಇದ್ದಾರೆ.

ಭಾಷೆಯ ತೊಡಕೂ ಇಲ್ಲಿಯೇ. ಅಜ್ಜ ಮಾತಾಡುವುದು ತಮಿಳು, ಇಲ್ಲವೇ ತೆಲುಗು, ಉರ್ದು. ಮೊಮ್ಮಗಳು ಬರೆಯಬೇಕಾದದ್ದು ಕನ್ನಡ. ಮಾತು ಸಂಗ್ರಹಿಸುವುದು ಮನೆಯ ಭಾಷೆಯಲ್ಲಿ, ಬರೆಯುವುದು ಕನ್ನಡದಲ್ಲಿ ಎಂಬ ಒಂದು ಆಯ್ಕೆ ಕೊಟ್ಟರೂ ನಕಲು ಅರ್ಧಕ್ಕೆ ನಿಂತೀತು, ಅಜ್ಜನ ಮಾತು ಯಾವ ಗೈಡಿನಲ್ಲೂ ಇಲ್ಲವಲ್ಲ. ಗಣಿ ಕಾರ್ಮಿಕರಿಗೆ ಬರವಣಿಗೆ ಹೊಸದೂ ಅಲ್ಲ. ಅಯೋತಿ ದಾಸ ಪಂಡಿತರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1920ರ ದಶಕದಲ್ಲಿ ಮತ್ತೆ ಹೊರಟದ್ದು ಇದೇ ಚಿನ್ನದ ಗಣಿಯಿಂದ, ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ. ಶಾಫ್ಟಿನಿಂದ ಮೇಲೆ ಬಂದು ಪತ್ರಿಕೆ ಓದಿದ ಜನ ಅವರು.

ವಿಷಯದಷ್ಟೇ ಕಾಡುವುದು ಕೊನೆಯ ದಿನಾಂಕ. ಗಣಿ ಮುಚ್ಚಿದ ಮೇಲೆ ಊರಿನ ದುಡಿಮೆ ರೈಲು ಹತ್ತಿತು. ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಟಿಫಿನ್ ಡಬ್ಬಿ ಹಿಡಿದವರು ಬೆಂಗಳೂರಿನ ಗಾಡಿ ಹತ್ತುತ್ತಾರೆ, ಮರಳುವುದು ಕತ್ತಲಾದ ಮೇಲೆ. ಅಮ್ಮ ಆ ಗಾಡಿಯಲ್ಲಿದ್ದರೆ ಮನೆಯ ಒಲೆ, ತಮ್ಮನ ಶಾಲೆ ಎಲ್ಲ ಮಗಳ ಪಾಲು. ರಜೆಯಲ್ಲಿ ತಾನೇ ಕೆಲಸಕ್ಕೆ ಹೋಗುವ ಹುಡುಗನೂ ಇರುತ್ತಾನೆ. ಇವರಿಗೆ 'ಸೋಮವಾರ ಬೆಳಿಗ್ಗೆ ಹತ್ತಕ್ಕೆ' ಎಂಬ ಗಡುವು ಬರವಣಿಗೆಯ ಪರೀಕ್ಷೆಯಾಗಿ ಉಳಿಯುವುದಿಲ್ಲ.

ಹಾಗೆಂದು ಗಡುವನ್ನೇ ತೆಗೆದುಹಾಕಿದರೂ ಕಷ್ಟವೇ. ಎಂಐಟಿಯ ಕೋರ್ಸೊಂದರಲ್ಲಿ ಮೂರು ಬರಹಗಳಿಗೆ ದಿನಾಂಕ ಗೊತ್ತು ಮಾಡಿಕೊಳ್ಳುವ ಅಧಿಕಾರ ಒಂದು ಗುಂಪಿಗಿತ್ತು. ಇನ್ನೊಂದಕ್ಕೆ ಮೇಷ್ಟ್ರೇ ಸಮಾನ ಅಂತರದ ದಿನಗಳನ್ನು ಗೊತ್ತು ಮಾಡಿದ್ದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚು ಅಂಕ ಬಂದದ್ದು ಎರಡನೆಯ ಗುಂಪಿಗೆ. ಮೊದಲ ಗುಂಪಿನವರೂ ಎಲ್ಲವನ್ನೂ ಕೊನೆಯ ದಿನಕ್ಕೆ ತಳ್ಳಿರಲಿಲ್ಲ, ಹಲವರು ತಮ್ಮ ಕೈಯನ್ನು ತಾವೇ ಕಟ್ಟಿಕೊಂಡಿದ್ದರು. ಮೂರು ಬರಹಕ್ಕೆ ಮೂರು ದಿನ ಗೊತ್ತು ಮಾಡಿ, ಅವುಗಳಲ್ಲಿ ಒಂದನ್ನು ಮಾತ್ರ ಕಾರಣ ಕೇಳದೆ ಒಂದು ವಾರ ಮುಂದೂಡಲು ಬಿಡುವುದು ಮೇಷ್ಟ್ರಿಗೂ ವಿದ್ಯಾರ್ಥಿಗಳಿಗೂ ಸರಿಹೊಂದುವ ದಾರಿ. ಕಾರಣ ಕೇಳದಿರುವುದೇ ಇದರಲ್ಲಿ ದೊಡ್ಡದು. ಅಮ್ಮನ ಶಿಫ್ಟಿನ ಕಥೆಯನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಬೇಕಾದ ಅವಮಾನ ತಪ್ಪುತ್ತದೆ.

ಅಧ್ಯಾಪಕರ ತಕರಾರೂ ನ್ಯಾಯವಾದದ್ದೇ. ಒಬ್ಬ ಸಂದರ್ಶನ ಬರೆದ, ಇನ್ನೊಬ್ಬಳು ನಗರಸಭೆಗೆ ಅರ್ಜಿ ಬರೆದಳು, ಮತ್ತೊಬ್ಬ ಬೇತಮಂಗಲದ ನೀರಿನ ಬಗ್ಗೆ ವರದಿ ತಂದ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಎರಡು ಸೆಕ್ಷನ್ನಿನ ನೂರಾರು ಹಾಳೆ ತಿದ್ದುವವರಿಗೆ ಒಂದೇ ವಿಷಯವಿದ್ದರೆ ಕಣ್ಣು ಬೇಗ ಓಡುತ್ತದೆ, ನಿಜ. ಇದಕ್ಕೆ ಸುಲಭದ ಉಪಾಯವೆಂದರೆ ಪ್ರಬಂಧದ ಜತೆಗೆ ಕಚ್ಚಾ ಟಿಪ್ಪಣಿಯ ಒಂದು ಹಾಳೆ ಕಡ್ಡಾಯ ಮಾಡುವುದು: ಯಾರನ್ನು ಕೇಳಿದೆ, ಎಲ್ಲಿ ನಿಂತು ನೋಡಿದೆ, ಯಾವ ಮಾತು ಅರ್ಥವಾಗಲಿಲ್ಲ. ಹೊಡೆದುಹಾಕಿದ ಸಾಲು, ಮಡಿಕೆ ಬಿದ್ದ ಮೂಲೆ, ಅಂಚಿನಲ್ಲಿ ಗೀಚಿದ ಫೋನ್ ನಂಬರು ಇರುವ ಆ ಹಾಳೆಯನ್ನು ನೋಡಿದರೆ ಮೇಷ್ಟ್ರಿಗೆ ಮಿಕ್ಕ ನಾಲ್ಕು ಪುಟ ಯಾರದೆಂದು ಹೇಳಬೇಕಾಗಿಲ್ಲ. ಅದಕ್ಕೆ ಐದು ಅಂಕ ಇಟ್ಟು, ಆ ಅಂಕವನ್ನು ಬಾರ್ಡರ್ ಹಾಕಿದ ಮುಖಪುಟದಿಂದ ಕಿತ್ತುಕೊಂಡರಾಯಿತು.