ನೊಣದ ರೆಕ್ಕೆಯಿಂದ ಪಾಠದ ಹಾಳೆಗೆ

ಬಾಳೆಹಣ್ಣು ಕಳಿತು ವಾಸನೆ ಹೊಡೆದರೆ ಮುತ್ತಿಕೊಳ್ಳುವ ಹಣ್ಣುನೊಣಕ್ಕೆ ಇರುವುದು ಎರಡೇ ರೆಕ್ಕೆ. ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಪುಟ್ಟ ಗುಬುಟುಗಳಿವೆ. ಹಾರುವಾಗ ಸಮತೋಲ ಕಾಯುವುದು ಅವೇ. ಜೇನಿಗಾದರೋ ನಾಲ್ಕು ರೆಕ್ಕೆ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ‘ಯುಬಿಎಕ್ಸ್’ ವಂಶವಾಹಿಯ ಬೆನ್ನು ಹತ್ತಿದವರಲ್ಲಿ ಎಲ್.ಎಸ್. ಶಶಿಧರ ಒಬ್ಬರು. ಧಾರವಾಡದಲ್ಲಿ ಕೃಷಿ ಓದಿ, ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ನೊಣಗಳ ಜೊತೆ ಕಳೆದವರು. 2008ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು.

ಅಷ್ಟರಲ್ಲಿ ಅವರು ಪುಣೆಯ ಐಸರ್ ಸೇರಿದ್ದರು. 2006ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಪದವಿ ಪಾಠವೂ ಸಂಶೋಧನೆಯೂ ಒಂದೇ ಸೂರಿನಡಿ. ಕಲಿಸುವ ಬಗೆಯ ಚಿಂತೆ ಅವರನ್ನು ಲ್ಯಾಬಿನಿಂದಾಚೆಗೂ ಕರೆದೊಯ್ದಿತು. ಜೀವವಿಜ್ಞಾನಗಳ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾದರು, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನಿರ್ದೇಶಕರೂ ಆದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹುದ್ದೆಗಳಲ್ಲ, ಹವಾಮಾನ ಶಿಕ್ಷಣಕ್ಕಾಗಿರುವ ಅವರ ‘ಟ್ರಾಪ್ ಇಕ್ಸು’ ಎಂಬ ಯೋಜನೆ.

ಹವಾಮಾನ ಬದಲಾವಣೆಗೆಂದು ಬೇರೆ ವಿಷಯ, ಬೇರೆ ಪುಸ್ತಕ, ಬೇರೆ ಪರೀಕ್ಷೆ ಬೇಡ ಎಂಬುದು ಅದರ ನಿಲುವು. ಈಗಿರುವ ಪಾಠದೊಳಗೇ ಅದನ್ನು ಹೆಣೆಯಬೇಕು. ಗಣಿತದಲ್ಲಿ ಅವಕಲನ ಕಲಿಸುವಾಗ ಗಾಳಿಯಲ್ಲಿ ಏರುತ್ತಿರುವ ಇಂಗಾಲದ ಡೈಆಕ್ಸೈಡಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಸಿಲಬಸ್ ಮುಗಿಸುವ ಧಾವಂತದಲ್ಲಿರುವ ಮೇಷ್ಟ್ರಿಗೆ ಹೊಸ ಹೊರೆಯಿಲ್ಲ. ಇದರಲ್ಲಿ ನನಗೆ ನೊಣ ಬಲ್ಲವರ ಕೈ ಕಾಣುತ್ತದೆ. ಯುಬಿಎಕ್ಸ್ ಕೂಡ ಹೊಸ ಅಂಗವನ್ನು ಶೂನ್ಯದಿಂದ ಕಟ್ಟುವುದಿಲ್ಲ, ರೆಕ್ಕೆಯಾಗಬೇಕಿದ್ದುದನ್ನೇ ತಿದ್ದುತ್ತದೆ.

ಇದ್ದ ಪಾಠದೊಳಗೇ ಹವಾಮಾನವನ್ನು ಹೆಣೆಯುವ ಈ ಮಾತು ಗದುಗಿನ ಪಕ್ಕದ ನಾಗಾವಿಗೆ ಚೆನ್ನಾಗಿ ಒಪ್ಪುತ್ತದೆ. ಜಿಲ್ಲೆಯ ನೆತ್ತಿಯಂತಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳೇ ಭೌತವಿಜ್ಞಾನದ ಪಾಠ. ಸಹ್ಯಾದ್ರಿ ದಾಟಿ ಬರುವಷ್ಟರಲ್ಲಿ ಮೋಡ ಹಗುರಾಗುವುದು ಭೂಗೋಳ. ಇನ್ನು ಎರೆಹೊಲದಲ್ಲಿ ಉಳಿದ ತೇವವನ್ನೇ ನಂಬಿ ಹಿಂಗಾರಿನಲ್ಲಿ ಬೆಳೆಯುವ ಬಿಳಿಜೋಳ! ಬಿಸಿಲಲ್ಲೂ ನೀರು ಮಿಗಿಸಿ ಆಹಾರ ತಯಾರಿಸುವ ‘ಸಿ4’ ವಿಧಾನ ಅದರ ಎಲೆಯಲ್ಲಿದೆ, ಭತ್ತಕ್ಕಾಗಲಿ ಗೋಧಿಗಾಗಲಿ ಅದಿಲ್ಲ. ದ್ಯುತಿಸಂಶ್ಲೇಷಣೆ ಕಲಿಯುವ ಹುಡುಗಿಗೆ ರೊಟ್ಟಿಯ ಬುಟ್ಟಿಯಿಂದಲೇ ಉದಾಹರಣೆ ಸಿಕ್ಕಂತಾಯಿತು.

ಟ್ರಾಪ್ ಇಕ್ಸುವಿನ ಹೆಚ್ಚಿನ ಸಾಮಗ್ರಿ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡಕ್ಕೆ ತರುವಾಗ ಉದಾಹರಣೆಗಳನ್ನೂ ಬದಲಿಸಬೇಕು. 1958ರಿಂದ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಬರೆದಿಡುತ್ತಿರುವ ಗಾಳಿಯ ಇಂಗಾಲದ ಡೈಆಕ್ಸೈಡಿನ ಲೆಕ್ಕದ ಪಕ್ಕದಲ್ಲೇ ನಾಗಾವಿಯ ಮಕ್ಕಳು ಶಾಲೆಯಂಗಳದ ಮಳೆಮಾಪಕ ನೋಡಿ ಬರೆದ ಲೆಕ್ಕವೂ ಇರಲಿ.