ನಿಮಗಿದು ಗೊತ್ತೆ? ನೊಬೆಲ್ ಪಡೆದರು, ರಾಜಗೌರವ ಬೇಡವೆಂದರು!

● ಜಪಾನಿನ ಕಾದಂಬರಿಕಾರ ಕೆಂಜಬುರೊ ಓಎ ಹುಟ್ಟಿದ್ದು 1935ರಲ್ಲಿ, ಶಿಕೋಕು ದ್ವೀಪದ ಕಾಡಿನ ನಡುವಿನ ಹಳ್ಳಿಯಲ್ಲಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, 1958ರಲ್ಲಿ, ಪ್ರತಿಷ್ಠಿತ ಅಕುತಗಾವಾ ಪ್ರಶಸ್ತಿ ಗೆದ್ದರು.

● 1963ರಲ್ಲಿ ಹುಟ್ಟಿದ ಮಗ ಹಿಕಾರಿಗೆ ಮಿದುಳಿನ ತೀವ್ರ ತೊಂದರೆಯಿತ್ತು. ಆ ಸಂಕಟದಿಂದಲೇ ಮರುವರ್ಷ 'ಎ ಪರ್ಸನಲ್ ಮ್ಯಾಟರ್' ಎಂದು ಇಂಗ್ಲಿಷಿನಲ್ಲಿ ಹೆಸರಾದ ಕಾದಂಬರಿ ಬಂತು.

● ಎಳವೆಯಲ್ಲಿ ಮಾತನಾಡದೆ ಹಕ್ಕಿಗಳ ಕೂಗಿಗಷ್ಟೇ ಕಿವಿಗೊಡುತ್ತಿದ್ದ ಹಿಕಾರಿ ಮುಂದೆ ಹೆಸರಾಂತ ಸಂಗೀತ ಸಂಯೋಜಕರಾದರು.

● 1994ರಲ್ಲಿ ಓಎ ಅವರಿಗೆ ಸಾಹಿತ್ಯದ ನೊಬೆಲ್ ಸಿಕ್ಕಿತು. ಅದೇ ವರ್ಷ ಚಕ್ರವರ್ತಿ ಪ್ರದಾನ ಮಾಡುವ 'ಆರ್ಡರ್ ಆಫ್ ಕಲ್ಚರ್' ಗೌರವವನ್ನು ನಿರಾಕರಿಸಿದರು. ಪ್ರಜಾಪ್ರಭುತ್ವಕ್ಕಿಂತ ಮಿಗಿಲಾದ ಅಧಿಕಾರವನ್ನು ತಾವು ಒಪ್ಪುವುದಿಲ್ಲ ಎಂಬುದು ಅವರ ಕಾರಣ.

● ಕೊನೆಯವರೆಗೂ ಅಣ್ವಸ್ತ್ರಗಳನ್ನು ವಿರೋಧಿಸಿದ ಓಎ, 2023ರ ಮಾರ್ಚ್ 3ರಂದು 88ನೇ ವಯಸ್ಸಿನಲ್ಲಿ ನಿಧನರಾದರು.